ಘಾಟಗೆಯವರ ಹೆಸರಿನಲ್ಲೊಂದು ವಿಮಾನ ವಿಜ್ಞಾನ ಉಪನ್ಯಾಸ: ಹೇಗಿದ್ದರೆ ಚೆನ್ನ?

ತಗಡು ವಿಭಾಗದವ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಮಾನ ಕಾರ್ಖಾನೆಯ ತಗಡು ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು, ನಿವೃತ್ತನಾದ ಮೇಲೆ ಹುಟ್ಟೂರಾದ ತಿಪಟೂರಿಗೆ ಬಂದು ನೆಲೆಸಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ದುರಸ್ತಿಗೆ ಬಂದ ಎಚ್‌ಟಿ-2 ತರಬೇತಿ ವಿಮಾನವೊಂದರ ರೆಕ್ಕೆಯ ಹಳೆಯ ತಗಡು ಬಿಚ್ಚಿ ಹೊಸದನ್ನು ರಿವೆಟ್ ಹೊಡೆದು ಕೂರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರ ವಿನ್ಯಾಸ ಮಾಡಿದವರು ಡಾ. ವಿಷ್ಣು ಮಾಧವ ಘಾಟಗೆ ಎಂದು ನಮ್ಮ ಮೇಸ್ತ್ರಿ ಹೇಳಿದಾಗ ಅದು ನನಗೆ ಬರಿಯ ಹೆಸರಾಗಿತ್ತು.

ಅವರು ಯಾರೆಂದು ತಿಳಿಯದವರಿಗಾಗಿ ನಾಲ್ಕು ಮಾತು. 1908ರಲ್ಲಿ ಹುಟ್ಟಿದ ಘಾಟಗೆಯವರು ಜರ್ಮನಿಯ ಗಾಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಸಂಶೋಧನೆ ಮಾಡಿ 1936ರಲ್ಲಿ ಡಾಕ್ಟರೇಟ್ ಪಡೆದರು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ತೆರೆದ ಮೊದಲ ದಿನಗಳಲ್ಲೇ ಅಲ್ಲಿಗೆ ಬಂದು, ಹತ್ತು ಜನ ಕೂರಬಲ್ಲ ಗ್ಲೈಡರ್ ಒಂದನ್ನು ರೂಪಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರ ಡಿಸೆಂಬರಿನಲ್ಲಿ ವಿಮಾನ ಇಂಜಿನಿಯರಿಂಗ್ ವಿಭಾಗ ಶುರುವಾದಾಗ ಅದನ್ನು ಮುನ್ನಡೆಸಿದವರೂ ಅವರೇ. ಮತ್ತೆ ಕಾರ್ಖಾನೆಗೆ ಮರಳಿ ಅವರು ವಿನ್ಯಾಸಗೊಳಿಸಿದ ಎಚ್‌ಟಿ-2 ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲು ಹಾರಿತು. ಅಂಥ ನೂರೈವತ್ತಕ್ಕೂ ಹೆಚ್ಚು ವಿಮಾನಗಳು ತಯಾರಾಗಿ, ನಮ್ಮ ವಾಯುಪಡೆಯ ಎಷ್ಟೋ ತಲೆಮಾರಿನ ಹುಡುಗರು ಅವುಗಳಲ್ಲೇ ಹಾರುವುದನ್ನು ಕಲಿತರು.

ಇಷ್ಟಿದ್ದರೂ ಇಂದು ಬೆಂಗಳೂರಿನಲ್ಲಿ ಘಾಟಗೆ ಎಂದರೆ ಜನರಿಗೆ ನೆನಪಾಗುವುದು ವಿಮಾನಪುರದ ಸಭಾಭವನ. ಸುರಂಜನ್ ದಾಸ್ ಎಂದರೆ ವಾಹನ ಸಂದಣಿಯ ರಸ್ತೆ. 1970ರ ಜನವರಿಯಲ್ಲಿ ಮರುತ್ ಯುದ್ಧವಿಮಾನದ ಪರೀಕ್ಷಾ ಹಾರಾಟದಲ್ಲಿ ಅವರು ಪ್ರಾಣ ಬಿಟ್ಟರೆಂಬುದು ಆ ರಸ್ತೆಯಲ್ಲಿ ದಿನಕ್ಕೆರಡು ಬಾರಿ ಸಿಕ್ಕಿಹಾಕಿಕೊಳ್ಳುವವರಲ್ಲಿ ಎಷ್ಟು ಜನರಿಗೆ ಗೊತ್ತು?

ನಮ್ಮೂರಿನ ಗ್ರಂಥಾಲಯದ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಘಾಟಗೆಯವರ ನೆನಪಿನಲ್ಲಿ, ಯಾರು ಬೇಕಾದರೂ ಬಂದು ಕೇಳಬಹುದಾದ ಒಂದು ಉಪನ್ಯಾಸವನ್ನು ಕನ್ನಡದಲ್ಲಿ ಏರ್ಪಡಿಸಬೇಕೆಂದು ನಾವು ನಾಲ್ಕೈದು ಜನ ಯೋಚಿಸಿದ್ದೇವೆ. ಅದು ಅವರ ಜೀವನಚರಿತ್ರೆಯ ಭಾಷಣವಾಗಿರಬೇಕೇ, ವಿಜ್ಞಾನದ ಪಾಠವಾಗಿರಬೇಕೇ ಎಂಬುದರಲ್ಲೇ ನಮ್ಮೊಳಗೆ ಒಮ್ಮತವಿಲ್ಲ. ಬಲ್ಲವರು ತಿಳಿಸಬೇಕು.

ಹರಿವಿನ ಹಿಂದೆ:

ತಗಡು ವಿಭಾಗದವರಿಗೆ ನಮಸ್ಕಾರ. ನಾನು ದ್ರವಚಲನಶಾಸ್ತ್ರದಲ್ಲಿ ಸಂಶೋಧನೆ ಮಾಡುವವನು. ನಿಮ್ಮ ಪ್ರಶ್ನೆಗೆ ಉತ್ತರ ನೂರು ವರ್ಷಕ್ಕೂ ಹಿಂದೆಯೇ ದೊರೆತಿದೆ ಎಂದು ನನಗೆ ತೋರುತ್ತದೆ.

ವಿಲ್ಬರ್ ರೈಟ್ 1912ರಲ್ಲಿ ತೀರಿಕೊಂಡರು. ಅವರ ಹೆಸರಿನ ಸ್ಮಾರಕ ಉಪನ್ಯಾಸ ಮರುವರ್ಷವೇ ಲಂಡನ್ನಿನಲ್ಲಿ ಆರಂಭವಾಯಿತು. ಮೊದಲ ಉಪನ್ಯಾಸ ಕೊಟ್ಟವರು ಹೊರೇಸ್ ಡಾರ್ವಿನ್, ಜೀವವಿಕಾಸದ ಚಾರ್ಲ್ಸ್ ಡಾರ್ವಿನ್ನರ ಮಗ, ವೃತ್ತಿಯಿಂದ ವೈಜ್ಞಾನಿಕ ಉಪಕರಣಗಳ ತಯಾರಕ. ಅವರು ಆರಿಸಿಕೊಂಡ ವಿಷಯ ವಿಲ್ಬರ್ ಅವರ ಗುಣಗಾನವಲ್ಲ, ವಿಮಾನಶಾಸ್ತ್ರದಲ್ಲಿ ಬಳಸುವ ಅಳತೆಯ ಉಪಕರಣಗಳ ವಿನ್ಯಾಸ. ಅಮೆರಿಕದಲ್ಲಿ ರೈಟ್ ಸಹೋದರರ ಹೆಸರಿನ ಉಪನ್ಯಾಸ 1937ರಲ್ಲಿ ಶುರುವಾದಾಗ ಆರ್ವಿಲ್ ಇನ್ನೂ ಬದುಕಿದ್ದರು. ಅಲ್ಲಿ ಮೊದಲು ಮಾತನಾಡಿದ ಮೆಲ್ವಿಲ್ ಜೋನ್ಸ್, ಹಾರುತ್ತಿರುವ ವಿಮಾನದ ಮೈಗೆ ಅಂಟಿದಂತೆ ಸಾಗುವ ಗಾಳಿಯ ತೆಳುಪದರವನ್ನು ತಾವು ಹೇಗೆ ಅಳೆದೆವು ಎಂಬುದನ್ನೇ ವಿವರಿಸಿದರು. ಮರುವರ್ಷ ಹ್ಯೂ ಡ್ರೈಡನ್ ಎತ್ತಿಕೊಂಡದ್ದು ಕೂಡ ಅದೇ ಪದರ ಮತ್ತು ಅದರಲ್ಲೇಳುವ ಕ್ಷೋಭೆಯನ್ನು, ಎಂದರೆ ಗಾಳಿಯ ಅಂಕೆಯಿಲ್ಲದ ಸುಳಿದಾಟವನ್ನು. ರೈಟ್ ಸಹೋದರರು ತಾವೇ ಗಾಳಿಸುರಂಗ (ರೆಕ್ಕೆಯ ಮಾದರಿಯ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಕೊಳವೆ) ಕಟ್ಟಿ ಅಳೆದವರಾದ್ದರಿಂದ, ಅವರಿಗೆ ಸಲ್ಲಬೇಕಾದ ಗೌರವವನ್ನು ಮತ್ತೊಂದು ಒಳ್ಳೆಯ ಅಳತೆಯ ಮೂಲಕವೇ ಸಲ್ಲಿಸಿದರು ಎನ್ನಬೇಕು.

ಆದ್ದರಿಂದ ಜೀವನಚರಿತ್ರೆಗೆ ಹತ್ತು ನಿಮಿಷ ಸಾಕು. ಉಳಿದ ಹೊತ್ತೆಲ್ಲ ಒಂದೇ ಒಂದು ಪ್ರಶ್ನೆಗೆ ಇರಲಿ, ಅದು ಘಾಟಗೆಯವರು ತಲೆ ಕೆಡಿಸಿಕೊಂಡಿದ್ದಂಥ ಪ್ರಶ್ನೆಯಾಗಿರಲಿ. ದಿನಾಂಕದ ಬಗ್ಗೆ ಹೆಚ್ಚು ಚರ್ಚೆ ಬೇಡ: ಕಾರ್ಖಾನೆ ಮತ್ತು ವಿಭಾಗ ಎರಡೂ ಡಿಸೆಂಬರಿನಲ್ಲೇ ಆರಂಭವಾದವು, ರೈಟ್ ಸಹೋದರರು ಹಾರಿದ್ದೂ 1903ರ ಡಿಸೆಂಬರ್ 17ರಂದು.

ಪ್ರೌಢಶಾಲೆ ಮೇಡಂ:

ಮೇಲಿನವರ ಮಾತು ಒಪ್ಪಿಗೆಯೇ, ಆದರೆ ಸಭಾಂಗಣದಲ್ಲಿ ಕೂರುವವರು ಯಾರೆಂಬುದನ್ನು ಮರೆಯಬಾರದು. ತಾಲ್ಲೂಕು ಕೇಂದ್ರದಲ್ಲಿ ಇಂಥ ಕಾರ್ಯಕ್ರಮವಿಟ್ಟರೆ ಮುಕ್ಕಾಲುಪಾಲು ಕುರ್ಚಿ ತುಂಬುವವರು ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು. ಕೆಲವು ವರ್ಷಗಳ ಹಿಂದೆ ನಮ್ಮ ಮಕ್ಕಳನ್ನು ಅಂಥದೊಂದು ವಿಜ್ಞಾನ ಉಪನ್ಯಾಸಕ್ಕೆ ಕರೆದೊಯ್ದಿದ್ದೆ. ಅತಿಥಿಗಳ ಸ್ವಾಗತ, ದೀಪ ಬೆಳಗುವುದು, ಶಾಲು, ಫಲತಾಂಬೂಲ, ಅಧ್ಯಕ್ಷರ ನುಡಿ ಮುಗಿಯುವುದಕ್ಕೆ ಒಂದೂಕಾಲು ಗಂಟೆ ಹಿಡಿಯಿತು. ಆಮೇಲೆ ಉಪನ್ಯಾಸಕರು ಎಂಬತ್ತಕ್ಕೂ ಮೀರಿದ ಸ್ಲೈಡ್‌ಗಳನ್ನು ಇಂಗ್ಲಿಷಿನಲ್ಲಿ ಓದಿದರು. ಹಿಂದಿನ ಸಾಲಿನ ಹುಡುಗರು ಕಾಗದದ ವಿಮಾನ ಮಾಡಿ ಎಸೆದಿದ್ದಕ್ಕೆ ಆಯೋಜಕರಿಂದ ಗದರಿಸಿಕೊಂಡರು. ಆ ದಿನ ಸಭೆಯಲ್ಲಿ ವಿಮಾನಶಾಸ್ತ್ರದ ಪ್ರಯೋಗ ನಡೆಸಿದವರು ಆ ಹುಡುಗರಷ್ಟೇ ಎಂದು ನನಗೆ ಅನ್ನಿಸಿತು.

ಕಣ್ಣೆದುರು ನಡೆಯುವ ಒಂದು ಪ್ರಯೋಗ ಇರಲೇಬೇಕು. ನಾನು ತರಗತಿಯಲ್ಲಿ ಮಾಡುವುದನ್ನು ಹೇಳುತ್ತೇನೆ. ಥರ್ಮೋಕೋಲಿನಲ್ಲಿ ಎರಡು ಗೇಣುದ್ದದ ರೆಕ್ಕೆಯೊಂದನ್ನು ಕೊರೆದು, ಅದನ್ನು ಒಂದು ಕಡ್ಡಿಗೆ ಸಿಕ್ಕಿಸಿ, ಕಡ್ಡಿಯ ಬುಡವನ್ನು ಭಾರವಾದ ಮರದ ತುಂಡಿಗೆ ಊರಿ, ಇಡೀ ಜೋಡಣೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಡುತ್ತೇನೆ. ಎದುರಿಗೆ ಸ್ಟ್ಯಾಂಡ್ ಫ್ಯಾನ್ ಹಾಕಿದ ಕೂಡಲೇ ತಕ್ಕಡಿಯ ಅಂಕಿ ಇಳಿಯುತ್ತದೆ. ಇಳಿದ ಅಷ್ಟೂ ಗ್ರಾಮನ್ನು ಗಾಳಿ ಎತ್ತಿ ಹಿಡಿದಿದೆ ಎಂದು ಮಕ್ಕಳು ತಾವೇ ಹೇಳುತ್ತಾರೆ. ರೆಕ್ಕೆಯ ಮುಂದಂಚನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತ ಹೋದರೆ ಅಂಕಿ ಇನ್ನಷ್ಟು ಇಳಿಯುತ್ತದೆ, ಸುಮಾರು ಹದಿನೈದು ಡಿಗ್ರಿಯ ಆಚೀಚೆ ಒಮ್ಮೆಗೇ ಎತ್ತುವ ಬಲ ಕುಸಿಯುತ್ತದೆ. ವಿಮಾನದವರು ಸ್ಟಾಲ್ ಎನ್ನುವುದು ಇದನ್ನೇ ಎಂದು ಆಗ ಹೇಳಿದರೆ ಸಾಕು, ಮೊದಲೇ ವ್ಯಾಖ್ಯೆ ಬರೆಸುವ ಅಗತ್ಯವಿಲ್ಲ.

ಒಂದು ಎಚ್ಚರಿಕೆ. ಫ್ಯಾನಿನ ಗಾಳಿ ತಿರುಚಿಕೊಂಡು ಬರುತ್ತದೆ. ಜ್ಯೂಸ್ ಅಂಗಡಿಯ ಸ್ಟ್ರಾಗಳನ್ನು ನೂರಾರು ಸೇರಿಸಿ ಜೇನುಗೂಡಿನಂತೆ ಕಟ್ಟಿ ನಡುವೆ ಇಟ್ಟರೆ ಹರಿವು ನೇರವಾಗುತ್ತದೆ, ಅಂಕಿಯೂ ಕುಣಿಯುವುದಿಲ್ಲ.

ಗಾಳಿಪಟ 64:

ಎಲ್ಲ ಸರಿ. ಆದರೆ ಜನ ಸೇರಬೇಕೆಂದರೆ ಪ್ರಾಂಟ್ಲ್, ಘಾಟಗೆ ಎಂಬ ಹೆಸರುಗಳು ಸಾಕಾಗುವುದಿಲ್ಲವೆಂದು ನನ್ನ ಅನಿಸಿಕೆ. ನಮ್ಮ ಪ್ರಾಚೀನ ವೈಮಾನಿಕ ಶಾಸ್ತ್ರವನ್ನು ಮೊದಲ ಉಪನ್ಯಾಸದ ವಿಷಯವನ್ನಾಗಿ ಮಾಡಿ ನೋಡಿ, ಸಭಾಂಗಣ ತುಂಬಿ ಹೊರಗೂ ಜನ ನಿಲ್ಲುತ್ತಾರೆ. ಅದು ನಮ್ಮ ಆನೇಕಲ್ಲಿನವರೇ ಕೊಟ್ಟ ಗ್ರಂಥವಲ್ಲವೇ?

ಹರಿವಿನ ಹಿಂದೆ:

ಗಾಳಿಪಟ ಅವರೇ, ವಿಷಯ ಒಳ್ಳೆಯದೇ. ಆದರೆ ಅದನ್ನೆತ್ತಿಕೊಂಡರೆ ಪೂರ್ತಿಯಾಗಿ ಎತ್ತಿಕೊಳ್ಳಬೇಕು. ಆ ಪಠ್ಯವನ್ನು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಹೇಳಿ ಬರೆಸಿದರು, ಚಿತ್ರಗಳನ್ನು ಅವರ ವಿವರಣೆಯಂತೆ ಬೆಂಗಳೂರಿನ ನಕ್ಷೆಗಾರರೊಬ್ಬರು ಬರೆದುಕೊಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅಧ್ಯಾಪಕರು, ಎಚ್. ಎಸ್. ಮುಕುಂದ ಮತ್ತು ಸಂಗಡಿಗರು, 1974ರಲ್ಲಿ ಅದನ್ನು ಸಾಲು ಸಾಲಾಗಿ ಪರಿಶೀಲಿಸಿ ಒಂದು ಲೇಖನ ಪ್ರಕಟಿಸಿದರು. ಅದರ ಭಾಷೆ ವೇದಕಾಲದ್ದಲ್ಲ, ಆಧುನಿಕ ಸಂಸ್ಕೃತ. ಪಠ್ಯ 1904ಕ್ಕಿಂತ ಹಿಂದಿನದೆಂದು ಹೇಳಲು ಆಧಾರವಿಲ್ಲ. ಅದರಲ್ಲಿ ವರ್ಣಿತವಾದ ವಿಮಾನಗಳಲ್ಲಿ ಯಾವುದೂ ಹಾರುವ ಗುಣವುಳ್ಳದ್ದಲ್ಲ. ಅವರ ತೀರ್ಮಾನಗಳ ಸಾರ ಇದು.

ಆ ಲೇಖನದಲ್ಲಿ ನನಗೆ ಮೆಚ್ಚುಗೆಯಾಗುವುದು ತೀರ್ಮಾನಕ್ಕಿಂತ ಹೆಚ್ಚಾಗಿ ಅದರ ನಡೆ. ನಗೆಯಾಡಿ ತಳ್ಳಿಹಾಕುವುದು ಅವರಿಗೆ ಸುಲಭವಿತ್ತು. ಹಾಗೆ ಮಾಡದೆ, ಅದರ ಇತಿಹಾಸವನ್ನು ಹುಡುಕಿ, ಕೊಟ್ಟಿರುವ ಆಕಾರ ಮತ್ತು ತೂಕಗಳನ್ನು ನಂಬಿಯೇ ಲೆಕ್ಕ ಹಾಕಿ, ಹಾರುವುದಿಲ್ಲವೆಂದು ತೋರಿಸಿದರು. ಘಾಟಗೆಯವರು ಕಟ್ಟಿದ ವಿಭಾಗದವರೂ ಸೇರಿ ಮಾಡಿದ ಕೆಲಸ ಅದು. ಉಪನ್ಯಾಸ ಅದನ್ನೇ ಕುರಿತದ್ದಾದರೆ ನಾನೇ ಬಂದು ಮೊದಲ ಸಾಲಿನಲ್ಲಿ ಕೂರುತ್ತೇನೆ. ಜನ ಸೇರಲೆಂದು ಹೆಸರು ಹಾಕಿ, ಒಳಗೆ ಪುರಾಣ ಹೇಳುವುದಾದರೆ ಘಾಟಗೆಯವರ ಹೆಸರನ್ನು ಬ್ಯಾನರಿನಿಂದ ತೆಗೆದುಬಿಡುವುದು ಒಳಿತು.

ಗಾಳಿಪಟ 64:

1974ರ ಲೇಖನದ ವಿಚಾರ ನನಗೆ ಗೊತ್ತಿರಲಿಲ್ಲ. ಓದುತ್ತೇನೆ. ಎರಡನೆಯ ಅಥವಾ ಮೂರನೆಯ ವರ್ಷಕ್ಕೆ ಇಟ್ಟುಕೊಳ್ಳಿ ಎಂಬ ಸಲಹೆಯನ್ನಂತೂ ಬಿಡುವುದಿಲ್ಲ.

ಜೊಳ್ಳು ಕಾಳು:

ಭಾಷೆಯ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ನಾನು ಎತ್ತುತ್ತೇನೆ. ಕನ್ನಡದಲ್ಲಿ ತಾಂತ್ರಿಕ ಭಾಷಣವೆಂದರೆ ಎರಡು ಬಗೆಯ ಅಪಾಯಗಳಿವೆ. ಕ್ರಿಯಾಪದವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳುವುದು ಒಂದು. ಯಾರೂ ಕೇಳದ ಸಂಸ್ಕೃತ ಸಮಾಸಗಳನ್ನು ಸುರಿದು ಮಕ್ಕಳನ್ನು ಹೆದರಿಸುವುದು ಇನ್ನೊಂದು. ರೆಕ್ಕೆ, ಬಾಲ, ಎಳೆತ (ಚಲನೆಗೆ ಗಾಳಿ ಒಡ್ಡುವ ತಡೆ), ಎತ್ತುವ ಬಲ ಎಂಬ ಮಾತುಗಳಿರುವಾಗ ಅವನ್ನು ಬಳಸಬೇಕು. ಸ್ಟಾಲ್, ಇಂಜಿನ್, ಗ್ಲೈಡರ್ ಮುಂತಾದವು ಹಾಗೆಯೇ ಇರಲಿ, ಅವು ಯಾರಿಗೂ ಚುಚ್ಚುವುದಿಲ್ಲ.

ಮಾತಿಗಿಂತ ಮುಖ್ಯವಾದದ್ದು ಉದಾಹರಣೆ. ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಎಳೆತದ ಪಾಠ ಅರ್ಧ ಆಗಿಯೇ ಹೋಗಿರುತ್ತದೆ. ಮೊರದಿಂದ ಒಟ್ಟಿಗೇ ಬಿದ್ದ ಕಾಳು ಕಾಲ ಬುಡದಲ್ಲಿ ರಾಶಿಯಾಗುತ್ತದೆ, ಜೊಳ್ಳು ನಾಲ್ಕು ಮಾರು ಆಚೆಗೆ ಹೋಗಿ ಬೀಳುತ್ತದೆ. ಗಾಳಿ ಎರಡನ್ನೂ ತಳ್ಳುತ್ತದೆ, ಆದರೆ ಜೊಳ್ಳಿನ ತೂಕಕ್ಕೆ ಹೋಲಿಸಿದರೆ ಅದರ ಮೇಲಿನ ತಳ್ಳು ಹೆಚ್ಚು. ವಿಮಾನದ ವಿನ್ಯಾಸಕಾರನಿಗೂ ಬಲದ ಅಂಕಿಯೊಂದರಿಂದಲೇ ಪ್ರಯೋಜನವಿಲ್ಲ. ಅದು ತೂಕಕ್ಕೆ ಎಷ್ಟರ ಪ್ರಮಾಣದಲ್ಲಿದೆ ಎಂಬುದೇ ಅವನಿಗೆ ಬೇಕು. ಈಗ ಎಷ್ಟೋ ಕಡೆ ಯಂತ್ರವೇ ತೂರುತ್ತದೆ, ನಿಜ. ಆದರೂ ಮನೆಯಲ್ಲಿ ಮೊರ ಇದೆ.

ಇನ್ನೊಂದು ಮಾತು. ಉಪನ್ಯಾಸವನ್ನು ಅಚ್ಚು ಹಾಕಿಸಿ. ಮೈಸೂರು ವಿಶ್ವವಿದ್ಯಾನಿಲಯದವರು 1930ರ ದಶಕದಲ್ಲೇ ಅಧ್ಯಾಪಕರನ್ನು ಹಳ್ಳಿಗಳಿಗೆ ಕಳಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿಸಿದರು, ಆ ಮಾತುಗಳನ್ನು ಕೈಗೆಟಕುವ ಬೆಲೆಯ ಪುಟ್ಟ ಪುಸ್ತಕಗಳಾಗಿ ಹೊರತಂದರು. ನಾವು ಹೊಸದೇನನ್ನೂ ಕಂಡುಹಿಡಿಯುತ್ತಿಲ್ಲ, ನಿಂತುಹೋದ ಬಂಡಿಯನ್ನು ಮತ್ತೆ ತಳ್ಳುತ್ತಿದ್ದೇವೆ ಅಷ್ಟೆ.

ಮಲ್ಲೇಶ್ವರದಿಂದ:

ಸಾರ್ವಜನಿಕರಿಗೆ ಬಾಗಿಲು ತೆರೆದಿಡುವುದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ನಿದರ್ಶನವಿದೆ. ರೊದ್ದಂ ನರಸಿಂಹ ಅವರು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಗ ವಿಜ್ಞಾನ ಸಂಸ್ಥೆಗೆ ಹೋಗಿ, ವಿಮಾನ ವಿಭಾಗದಲ್ಲಿ ಇಟ್ಟಿದ್ದ ಸ್ಪಿಟ್‌ಫೈರ್ ಯುದ್ಧವಿಮಾನವನ್ನು ಹತ್ತಿರದಿಂದ ನೋಡಿ ಮರುಳಾದರು. ಅದನ್ನು ಅವರೇ ನೆನಪಿಸಿಕೊಳ್ಳುತ್ತಿದ್ದರು. ಆಮೇಲೆ ಅದೇ ವಿಭಾಗ ಸೇರಿ ಸತೀಶ್ ಧವನ್ ಅವರ ಶಿಷ್ಯರಾದರು, ಮುಂದೆ ಕ್ಷೋಭೆಯ ಹರಿವಿನ ಬಗ್ಗೆ ಜಗತ್ತೇ ಗಮನಿಸಿದ ಕೆಲಸ ಮಾಡಿದರು. ಧವನ್ ಅವರು ಅಮೆರಿಕದಲ್ಲಿ ಸಂಶೋಧನೆ ಮುಗಿಸಿ ಆ ವಿಭಾಗಕ್ಕೆ ಬಂದದ್ದು 1951ರಲ್ಲಿ, ಎಂದರೆ ಎಚ್‌ಟಿ-2 ಹಾರಿದ ವರ್ಷವೇ.

ನರಸಿಂಹರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಕನ್ನಡದಲ್ಲಿ ವಿಜ್ಞಾನ ಬರೆದವರು ಎಂಬುದನ್ನೂ ಇಲ್ಲಿ ಸೇರಿಸಬೇಕು. ಮನೆಯಲ್ಲಿ ಕನ್ನಡದ ವಿಜ್ಞಾನ, ಹೊರಗೆ ಮುಟ್ಟಿ ನೋಡಲು ಒಂದು ವಿಮಾನ. ಎರಡೂ ಒಬ್ಬನೇ ಹುಡುಗನಿಗೆ ಸಿಕ್ಕಿದ್ದವು. ತಿಪಟೂರಿಗೆ ಸ್ಪಿಟ್‌ಫೈರ್ ತರಲಾಗದು, ಆದರೆ ತಗಡು ವಿಭಾಗದವರ ಬಳಿ ಒಂದೆರಡು ರಿವೆಟ್ ಹೊಡೆದ ಅಲ್ಯೂಮಿನಿಯಂ ತುಂಡುಗಳು ಇರಲಾರವೇ?

ತಗಡು ವಿಭಾಗದವ:

ಕಾರ್ಖಾನೆಯಿಂದ ಏನನ್ನೂ ಮನೆಗೆ ತಂದವನಲ್ಲ, ಆದರೆ ಅಂಥ ತುಂಡನ್ನು ಈಗಲೂ ಮಾಡಬಲ್ಲೆ. ಒಂದು ಹಾಳೆಗೆ ಗುಂಡುತಲೆಯ ರಿವೆಟ್, ಇನ್ನೊಂದಕ್ಕೆ ತಗಡಿನ ಮಟ್ಟಕ್ಕೆ ಕೂರುವ ಚಪ್ಪಟೆ ತಲೆಯದು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಯಾವುದು ಗಾಳಿಗೆ ಅಡ್ಡಿ ಎಂದು ಮಕ್ಕಳಿಗೇ ತಿಳಿಯುತ್ತದೆ.

ಮೇಡಂ ಅವರ ತಕ್ಕಡಿಯನ್ನು ಓದಿದ ಮೇಲೆ ನನಗೊಂದು ಯೋಚನೆ ಬಂತು. ಎಚ್‌ಟಿ-2 ಇಂಧನ ಮತ್ತು ಇಬ್ಬರು ಸವಾರರೊಂದಿಗೆ ಸುಮಾರು 1,000 ಕಿಲೋ ತೂಗುತ್ತಿತ್ತು, ಅದರ ರೆಕ್ಕೆಯ ವಿಸ್ತೀರ್ಣ ಸುಮಾರು 16 ಚದರ ಮೀಟರ್. ಸಭಾಂಗಣದ ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚೌಕ ಬರೆದು ಹದಿನಾರು ಮನೆಗಳನ್ನಾಗಿ ಮಾಡಿ, ಒಂದೊಂದು ಮನೆಗೆ ಒಬ್ಬೊಬ್ಬ ದೊಡ್ಡವರನ್ನು ನಿಲ್ಲಿಸಿದರೆ ಹೆಚ್ಚುಕಡಿಮೆ ಆ ವಿಮಾನದ ತೂಕವೇ ಅಲ್ಲಿ ನಿಂತಂತಾಗುತ್ತದೆ. ಒಂದು ಚದರ ಮೀಟರ್ ರೆಕ್ಕೆ ಒಬ್ಬ ಮನುಷ್ಯನನ್ನು ಹೊರಬೇಕು, ಬರಿಯ ಗಾಳಿಯನ್ನು ಕೆಳಗೆ ತಳ್ಳಿ. ಇದು ಸರಿಯೇ ಎಂದು ಹರಿವಿನ ಹಿಂದೆ ಅವರು ಹೇಳಬೇಕು.

ಹರಿವಿನ ಹಿಂದೆ:

ಲೆಕ್ಕ ಸರಿಯಾಗಿದೆ, ನನಗೆ ಬಹಳ ಹಿಡಿಸಿತು. ಇದಕ್ಕೆ ಎರಡು ಸಂಗತಿಗಳನ್ನು ಸೇರಿಸಬಹುದು. ಗಾಳಿಯ ವೇಗ ಎರಡರಷ್ಟಾದರೆ ಎತ್ತುವ ಬಲ ನಾಲ್ಕರಷ್ಟಾಗುತ್ತದೆ, ಹಾಗಾಗಿ ಫ್ಯಾನಿನ ಮುಂದೆ ಕೆಲವೇ ಹತ್ತು ಗ್ರಾಮ್ ಎತ್ತಿದ ಥರ್ಮೋಕೋಲಿಗೂ ಓಡುದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರಿನ ಹತ್ತಿರ ಓಡುವ ವಿಮಾನಕ್ಕೂ ಅಷ್ಟು ಅಂತರ. ಎರಡನೆಯದು, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಕರಾವಳಿಯದಕ್ಕಿಂತ ನೂರಕ್ಕೆ ಎಂಟರಷ್ಟು ಕಡಿಮೆ. ಅದೇ ವಿಮಾನ ಮಂಗಳೂರಿಗಿಂತ ಬೆಂಗಳೂರಿನಲ್ಲಿ ಹೆಚ್ಚು ಓಡಿ ನೆಲ ಬಿಡಬೇಕಾಗುತ್ತದೆ.

ರೆಕ್ಕೆಯ ಮೇಲಿನ ಗಾಳಿ ಕೆಳಗಿನ ಗಾಳಿಯನ್ನು ಹಿಂದಂಚಿನಲ್ಲಿ ಕೂಡಿಕೊಳ್ಳಲೆಂದೇ ವೇಗವಾಗಿ ಓಡುತ್ತದೆ ಎಂಬ ವಿವರಣೆಯನ್ನು ಮಾತ್ರ ದಯವಿಟ್ಟು ಯಾರೂ ಹೇಳಬೇಡಿ. ಹಾಗೆ ಕೂಡಿಕೊಳ್ಳಬೇಕೆಂಬ ನಿಯಮವೇ ಇಲ್ಲ. ಅಳೆದು ನೋಡಿದರೆ ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ತಲುಪಿರುತ್ತದೆ.

ಮೊದಲ ವರ್ಷದ ವಿಷಯಕ್ಕೆ ನನ್ನ ಸಲಹೆ ಘಾಟಗೆಯವರ ಗುರುವಿನಿಂದ ಶುರು ಮಾಡುವುದು. ಪ್ರಾಂಟ್ಲ್ ಅವರು 1904ರಲ್ಲಿ ಹೈಡೆಲ್‌ಬರ್ಗಿನ ಗಣಿತಜ್ಞರ ಸಮ್ಮೇಳನದಲ್ಲಿ ಹತ್ತೇ ನಿಮಿಷ ಮಾತನಾಡಿ, ಹರಿಯುವ ಗಾಳಿ ಘನವಸ್ತುವಿನ ಮೈಯನ್ನು ಮುಟ್ಟುವಲ್ಲಿ ಪೂರ್ತಿ ನಿಂತೇ ಇರುತ್ತದೆ, ಅಲ್ಲಿಂದ ತೆಳುವಾದೊಂದು ಪದರದೊಳಗೆ ಅದರ ವೇಗ ಏರುತ್ತದೆ ಎಂದು ತೋರಿಸಿದರು. ಸೀಮಾಪದರವೆಂದು ನಾವೀಗ ಕರೆಯುವುದು ಅದನ್ನೇ. ಅಮೆರಿಕದ ರೈಟ್ ಉಪನ್ಯಾಸಗಳ ಮೊದಲೆರಡು ವರ್ಷದ ವಿಷಯವೂ ಅದೇ ಆಗಿತ್ತು. ಇದನ್ನು ತೋರಿಸಲು ಉಪಕರಣವೂ ಬೇಡ. ನಿಮಿಷಕ್ಕೆ ಮುನ್ನೂರು ಸುತ್ತು ತಿರುಗುವ ಚಾವಣಿಯ ಫ್ಯಾನಿನ ರೆಕ್ಕೆಯ ಮೇಲೆ ಧೂಳು ಹೇಗೆ ಉಳಿಯುತ್ತದೆ, ಅಷ್ಟು ಗಾಳಿಗೆ ಅದು ಹಾರಿಹೋಗಬೇಕಿತ್ತಲ್ಲ ಎಂದು ಕೇಳಿ ಸುಮ್ಮನಾಗಿ.

ಪ್ರೌಢಶಾಲೆ ಮೇಡಂ:

ಪ್ರಶ್ನೆ ಸೊಗಸಾಗಿದೆ, ಆದರೆ ನನ್ನ ಮಕ್ಕಳು ಸುಮ್ಮನಿರುವವರಲ್ಲ. ಫ್ಯಾನ್ ಒರೆಸಿದ ಯಾರೇ ಆದರೂ ಹೇಳುತ್ತಾರೆ, ಧೂಳು ಹೆಚ್ಚು ದಪ್ಪವಾಗಿ ಕೂರುವುದು ಗಾಳಿಯನ್ನು ಸೀಳುವ ಮುಂದಂಚಿನಲ್ಲಿ. ಗಾಳಿ ನಿಂತಿರುವುದರಿಂದ ಧೂಳು ಕೂರುತ್ತದೆ ಎಂದರೆ ಅಂಚಿಗೇ ಏಕೆ ಹೆಚ್ಚು ಎಂಬ ಮರುಪ್ರಶ್ನೆ ಬರುತ್ತದೆ.

ಹರಿವಿನ ಹಿಂದೆ:

ಮೇಡಂ, ನೀವು ನನ್ನನ್ನು ಸರಿಯಾಗಿ ಹಿಡಿದಿರಿ. ಇಲ್ಲಿ ಎರಡು ಸಂಗತಿಗಳು ಬೆರೆತಿವೆ. ಮುಂದಂಚಿನಲ್ಲಿ ಗಾಳಿ ಪಕ್ಕಕ್ಕೆ ಬಾಗಿ ಹೋಗುತ್ತದೆ, ಭಾರವಾದ ಧೂಳಿನ ಕಣ ಅಷ್ಟು ಬೇಗ ಬಾಗಲಾರದೆ ನೇರವಾಗಿ ಬಂದು ಅಂಚಿಗೆ ಬಡಿಯುತ್ತದೆ. ಅಡುಗೆಮನೆಯ ಜಿಡ್ಡು ಮತ್ತು ಸ್ವಲ್ಪಮಟ್ಟಿಗೆ ಸ್ಥಾಯೀ ವಿದ್ಯುತ್ತು ಅದನ್ನು ಅಂಟಿಸುತ್ತವೆ. ಅದು ಧೂಳು ಬರುವ ಕಥೆ. ಬಂದದ್ದು ಏಕೆ ಹಾರಿಹೋಗುವುದಿಲ್ಲ ಎಂಬುದಕ್ಕೆ ಸೀಮಾಪದರ ಉತ್ತರ: ಕಣ ಎಷ್ಟು ಚಿಕ್ಕದೆಂದರೆ ಅದು ಪದರದ ತಳದಲ್ಲಿ, ಬಹುಪಾಲು ನಿಂತ ಗಾಳಿಯಲ್ಲಿ ಮುಳುಗಿ ಕುಳಿತಿರುತ್ತದೆ. ಉಪನ್ಯಾಸಕರು ಈ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಬೇಕು. ಮಕ್ಕಳ ಮರುಪ್ರಶ್ನೆಗೆ ಕಾಲು ಗಂಟೆ ಮೀಸಲಿಡಿ.

ಜೊಳ್ಳು ಕಾಳು:

ಕಾಲು ಗಂಟೆ ಸಾಲದು, ಅರ್ಧ ಗಂಟೆ ಇಡಿ. ಶಾಲು, ಫಲತಾಂಬೂಲ ಬಿಟ್ಟರೆ ಅಷ್ಟು ಹೊತ್ತು ಸಿಗುತ್ತದೆ.

ತಗಡು ವಿಭಾಗದವ:

ಎಲ್ಲರಿಗೂ ಧನ್ಯವಾದ. ನಿನ್ನೆ ನಮ್ಮವರೆಲ್ಲ ಕೂತು ತೀರ್ಮಾನಿಸಿದೆವು. ಉಪನ್ಯಾಸ ಡಿಸೆಂಬರಿನ ಮೂರನೆಯ ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ವಿಷಯ: ತಿರುಗುವ ಫ್ಯಾನಿನ ಮೇಲೆ ಧೂಳು ಹೇಗೆ ಉಳಿಯುತ್ತದೆ? ಘಾಟಗೆಯವರ ಬಗ್ಗೆ ಹತ್ತು ನಿಮಿಷ ನಾನು ಮಾತನಾಡುತ್ತೇನೆ, ಬರೆದುಕೊಂಡೇ ಓದುತ್ತೇನೆ, ಮೀರುವುದಿಲ್ಲ. ಹರಿವಿನ ಹಿಂದೆ ಅವರು ಒಪ್ಪಿದರೆ ಮುಖ್ಯ ಉಪನ್ಯಾಸ ಅವರದು. ಮೇಡಂ ಅವರ ತಕ್ಕಡಿ ಮತ್ತು ಸ್ಟ್ರಾಗಳು, ನನ್ನ ರಿವೆಟ್ ತುಂಡುಗಳು, ಹದಿನಾರು ಮನೆಯ ಚೌಕ ಎಲ್ಲವೂ ಇರುತ್ತವೆ. ಮೊರ ತರುವ ಹೊಣೆ ಜೊಳ್ಳು ಕಾಳು ಅವರದು. ಮಾತುಗಳನ್ನು ಮೂವತ್ತೆರಡು ಪುಟದ ಕಿರುಪುಸ್ತಕವಾಗಿ ಅಚ್ಚು ಹಾಕಿಕೊಡಲು ನಮ್ಮೂರಿನ ಮುದ್ರಣಾಲಯದವರು ಒಪ್ಪಿದ್ದಾರೆ, ಕಾಗದದ ಖರ್ಚು ಮಾತ್ರ ನಮ್ಮದು.

ಇಂದು ಬೆಳಿಗ್ಗೆ ಗ್ರಂಥಾಲಯಕ್ಕೂ ಹೋಗಿದ್ದೆ. ಅಲ್ಲಿನ ಸಹಾಯಕಿ ಸ್ಟೂಲಿನ ಮೇಲೆ ಹತ್ತಿ, ಒದ್ದೆ ಬಟ್ಟೆ ಹಿಡಿದು ಸಭಾಂಗಣದ ಫ್ಯಾನುಗಳನ್ನು ಒರೆಸಲು ಶುರು ಮಾಡಿದ್ದರು. ಒಂದು ಮುಗಿದಿತ್ತು. ಉಳಿದ ಮೂರನ್ನು ಡಿಸೆಂಬರ್ ಕಳೆಯುವವರೆಗೆ ಮುಟ್ಟಬೇಡಿ ತಾಯಿ ಎಂದು ಕೈಮುಗಿದು ಹೇಳಿ ಬಂದಿದ್ದೇನೆ.